ಅಮ್ಮ ಸೊಪ್ಪು ಬಿಟ್ಟ ಬೇಸಿಗೆ

ಜೂನ್ ೧೧, ಬುಧವಾರ

ಸುಳ್ಳು. ಮೊದಲು ಅದು ಸುಳ್ಳು. ಆಮೇಲೆ, ತಿಥಿ ಊಟದ ಎಲೆ ಇನ್ನೂ ಎತ್ತಿರಲಿಲ್ಲ, ನೆಂಟರೆಲ್ಲ ಕೂತಿದ್ದರು, ಅಂಥಾ ಹೊತ್ತಲ್ಲಿ ಆಡುವ ಮಾತಾ ಅದು?

ನಿನ್ನೆ ನೀನು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ ಅಕ್ಕ. ಬರೆದರೆ ಅದು ನಿಜವಾಗಿ ಕೂತುಬಿಡುತ್ತದೆ. ಉತ್ತರ ಮಾತ್ರ ಬರೆಯುತ್ತೇನೆ. ನಿನ್ನೆ ಉತ್ತರ ಬಾಯಿಗೆ ಬರಲಿಲ್ಲ, ಬರೀ ಅರಚಾಡಿದೆ. ಅರಚಾಡಿದವನದೇ ತಪ್ಪು ಅಂತ ಎಲ್ಲರೂ ಕೈ ತೊಳೆದುಕೊಂಡು ಎದ್ದು ಹೋದರು.

ಕೇಳು. ಅಮ್ಮನ ರಕ್ತ ಪರೀಕ್ಷೆ ಮೇ ತಿಂಗಳಲ್ಲಿ ಇತ್ತು ಅಂತ ನನಗೆ ಗೊತ್ತಿತ್ತು. ಅಮ್ಮನ ಎದೆಯಲ್ಲಿ ಕೆಟ್ಟ ಕವಾಟ ತೆಗೆದು ಹೊಸದು ಹಾಕಿದ ಮೇಲೆ, ರಕ್ತ ಗಟ್ಟಿಯಾಗಬಾರದು ಅಂತ ದಿನಾ ಸಾಯಂಕಾಲ ಒಂದು ಮಾತ್ರೆ. ಆ ಮಾತ್ರೆ ಹೆಚ್ಚಾಯಿತಾ ಕಡಿಮೆಯಾಯಿತಾ ಅಂತ ನೋಡಲು ತಿಂಗಳಿಗೊಂದು ಸಲ ಕೋಲಾರದ ಆಸ್ಪತ್ರೆ. ಶ್ರೀನಿವಾಸಪುರದಿಂದ ಬಸ್ಸು ಹತ್ತಿಸಿ, ಸೀಟು ಹಿಡಿದು, ಕ್ಯೂನಲ್ಲಿ ನಿಂತು, ಕ್ಯೂ ಮುರಿದವರ ಜೊತೆ ಜಗಳ ಆಡಿ, ಕೈಗೆ ಹತ್ತಿ ಒತ್ತಿ ಹಿಡಿದು ವಾಪಸ್ಸು ಕರೆದುಕೊಂಡು ಬಂದವನು ಯಾರು? ನೀನಾ? ನಾನು.

ಮೇ ತಿಂಗಳಲ್ಲಿ ಮಾವಿನ ಮಂಡಿ ಹೇಗಿರುತ್ತದೆ ಅಂತ ನಿನಗೆ ಗೊತ್ತಿಲ್ಲವಾ? ನೀನೂ ಈ ಊರಲ್ಲೇ ಹುಟ್ಟಿದವಳು. ಬಾದಾಮಿ ಮಾವು ರಾಶಿ ಬಿದ್ದಿತ್ತು. ಲಾರಿಗಳು ರಸ್ತೆ ತನಕ ಸಾಲು ನಿಂತಿದ್ದವು. ನಾನು ಒಂದು ದಿನ ರಜ ಹಾಕಿದ್ದರೆ ಮಂಡಿ ಓನರ್ ಕದಿರಪ್ಪ ಮತ್ತೆ ಗೇಟಿನೊಳಗೆ ಬಿಡುತ್ತಿರಲಿಲ್ಲ. ಅಮ್ಮನಿಗೆ ಹೇಳಿದೆ. ಅಮ್ಮನೇ ಅಂದಳು, "ಹೋಗ್ಲಿ ಬಿಡೋ, ಸೀಸನ್ ಮುಗೀಲಿ." ಅವಳೇ ಅಂದದ್ದು. ಅವಳೇ ಬೇಡ ಅಂದದ್ದು.

ತಿಂಗಳ ಕೊನೆಗೆ ತಲೆಯೊಳಗೆ ರಕ್ತ ಸೋರಿ ಬಚ್ಚಲ ಮುಂದೆ ಬಿದ್ದಳು. ಕೋಲಾರ ಮುಟ್ಟುವ ಹೊತ್ತಿಗೆ ಮಾತು ನಿಂತಿತ್ತು. ಅದಕ್ಕೆ ನಾನೇನು ಮಾಡಲಿ?

ನೀನೆಲ್ಲಿದ್ದೆ, ಡಾಕ್ಟರ್ ತೇಜಸ್ವಿನಿ? ಕಾಲೇಜಲ್ಲಿದ್ದೆ. ರೋಗಿಗಳು ಮಾತ್ರೆ ಸರಿಯಾಗಿ ನುಂಗುತ್ತಾರಾ, ನುಂಗಿದರೆ ಏನಾಗುತ್ತದೆ, ನುಂಗದಿದ್ದರೆ ಏನಾಗುತ್ತದೆ ಅಂತ ಪೇಪರ್ ಬರೆಯುತ್ತಾ ಕೂತಿದ್ದೆ. ಒಂಬತ್ತು ಪೇಪರ್ ಅಚ್ಚಾಗಿವೆಯಂತೆ. ದೇಶ ವಿದೇಶದವರು ಓದುತ್ತಾರಂತೆ. ಇರೋ ಒಬ್ಬ ಅಮ್ಮ ಮಾತ್ರೆ ನುಂಗುವುದನ್ನು ನೋಡಿದವನು ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮಣಿ.

ನೀನು ಬಸ್ಸಿಗೆ ಹೊರಟಾಗ ನಾನು ಒಳಗೆ ಬಂದು ಬಾಗಿಲು ಬಡಿದೆ. ಅಮ್ಮ ಇದ್ದಿದ್ದರೆ ಅಡಿಗೆಮನೆಯಿಂದಲೇ ಕೂಗುತ್ತಿದ್ದಳು, "ಬಾಗಿಲೇನೋ ಮಾಡ್ತು ನಿಂಗೆ?"

ಈ ಡೈರಿ ಯಾವುದೋ ಔಷಧಿ ಕಂಪನಿಯದು. ಜನವರಿಯಲ್ಲಿ ನೀನೇ ತಂದುಕೊಟ್ಟದ್ದು. ಜಗಳ ಆಡಲು ಮನೆಯಲ್ಲಿ ಯಾರೂ ಇಲ್ಲ, ಅದಕ್ಕೆ ಇದರಲ್ಲಿ ಆಡುತ್ತಿದ್ದೇನೆ.

ಜೂನ್ ೧೨, ಗುರುವಾರ

ಮಂಡಿಗೆ ಹೋದೆ. ಕಾಯಿ ವಿಂಗಡಿಸಿದೆ. ಬಂದೆ.

ಜೂನ್ ೧೫, ಭಾನುವಾರ

ಪಕ್ಕದ ಮನೆ ಭಾರತಮ್ಮ ಮುದ್ದೆ, ಸಾರು ತಂದುಕೊಟ್ಟರು. ಬೇಡ ಅಂದೆ. "ಲೇ, ತಿನ್ನೋ. ನಿಮ್ಮಮ್ಮನ ಮೇಲಿನ ಕೋಪಾನ ನನ್ನ ಸಾರಿನ ಮೇಲೆ ತೋರಿಸ್ಬೇಡ" ಅಂದರು. ನನಗೆ ಅಮ್ಮನ ಮೇಲೆ ಯಾಕೆ ಕೋಪ? ಕೇಳಬೇಕು ಅನ್ನುವಷ್ಟರಲ್ಲಿ ಹೊರಟುಹೋದರು.

ಮುಚ್ಚಳ ತೆಗೆದರೆ ಬೆರಕೆ ಸೊಪ್ಪಿನ ಮಸ್ಸೊಪ್ಪು. ತೋಟದ ಬದುವಿನಲ್ಲಿ ತಾನಾಗಿ ಬೆಳೆಯುವ ಸೊಪ್ಪೆಲ್ಲ ಕಿತ್ತು ಒಟ್ಟಿಗೆ ಬೇಯಿಸಿ ಮಸೆದದ್ದು. ವಾಸನೆ ಮೂಗಿಗೆ ಹೊಡೆಯಿತು. ನಮ್ಮ ಮನೆಯಲ್ಲಿ ಸೊಪ್ಪಿನ ವಾಸನೆ ಬಂದು ಎಷ್ಟು ದಿನವಾಯಿತು!

ಅಮ್ಮ ಸೊಪ್ಪು ಇಲ್ಲದೆ ಒಂದು ದಿನ ಇದ್ದವಳಲ್ಲ. ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು ಮಾವಿನ ತೋಪಿನ ಕಡೆ ಹೋದರೆ ಮಡಿಲು ತುಂಬಾ ತರುತ್ತಿದ್ದಳು. ಅಂಥವಳು ಏಪ್ರಿಲ್‌ನಲ್ಲಿ ಒಂದು ದಿನ ನಿಲ್ಲಿಸಿಬಿಟ್ಟಳು. ಅಕ್ಕ ಒಂದು ಕಾಗದ ಕೊಟ್ಟಿದ್ದಳು, ರಕ್ತ ತೆಳುವಾಗುವ ಮಾತ್ರೆ ನುಂಗುವವರು ಹೇಗಿರಬೇಕು ಅಂತ. ಅವಳೇ ಬರೆದು ಅಚ್ಚು ಹಾಕಿಸಿದ್ದು. ಕೆಳಗೆ ಅವಳ ಹೆಸರು. ಮೇಲೆ ಮಾತ್ರೆಯ ಚಿತ್ರ, ಗಡಿಯಾರದ ಚಿತ್ರ, ಒಂದು ಸೊಪ್ಪಿನ ಚಿತ್ರ. ಸೊಪ್ಪಿನ ಮೇಲೆ ಕೆಂಪು ಗೀಟು.

ಅಕ್ಕನ ಪೇಪರ್‌ಗಳೆಲ್ಲ ಇಂಗ್ಲಿಷಿನವು. ಅಮ್ಮ ಅವುಗಳನ್ನು ಸವರುತ್ತಿದ್ದಳೇ ಹೊರತು ಓದಲು ಆಗುತ್ತಿರಲಿಲ್ಲ. ಇದು ಕನ್ನಡದ್ದು. ಒಂದೊಂದೇ ಅಕ್ಷರ ಕೂಡಿಸಿ ಎರಡು ದಿನ ಓದಿದಳು. ಓದಿ ಮುಗಿಸಿ ಅನ್ನ ಮೆತ್ತಿ ಅಡಿಗೆಮನೆ ಗೋಡೆಗೆ, ವೆಂಕಟರಮಣನ ಕ್ಯಾಲೆಂಡರ್ ಪಕ್ಕ ಅಂಟಿಸಿದಳು.

ನಾನು ಎಷ್ಟು ಜಗಳ ಆಡಿದ್ದೇನೆ. "ದಿನಾ ಬರೀ ಬೇಳೆನಾ? ನಾಯಿ ತಿನ್ನಲ್ಲ ಇದನ್ನ."

"ಸೊಪ್ಪು ತಿನ್ನಬಾರದಂತೆ ಕಣೋ. ನಿಮ್ಮಕ್ಕ ಬರ್ದವ್ಳೆ, ನೋಡು."

"ನನಗೇನು ರೋಗ? ನನಗಾದ್ರೂ ಮಾಡು."

"ಮಾಡಿದ್ರೆ ಆಸೆಯಾಗುತ್ತೆ ನಾಯ್ನಾ. ನನ್ನ ಮಗಳು ಬರ್ದಿರೋದನ್ನ ನಾನೇ ಕೇಳ್ದೆ ಇದ್ರೆ ಊರೋರು ಕೇಳ್ತಾರಾ?"

ಸಾರು ಪೂರ್ತಿ ತಿಂದೆ. ಪಾತ್ರೆ ನೆಕ್ಕಿದೆ. ಯಾರಿಗೂ ಹೇಳಬಾರದು.

ಜೂನ್ ೨೨, ಭಾನುವಾರ

ಅಕ್ಕ ಬಂದಿದ್ದಳು. ಅಮ್ಮನ ಸೀರೆಗಳನ್ನು ತೆಗೆದಿಡಲು. ಅವಳು ಬೀರು ಮುಂದೆ, ನಾನು ಹೊಸಿಲ ಮೇಲೆ.

ಭಾರತಮ್ಮ ಇವತ್ತೂ ಸಾರು ತಂದರು. "ಇಬ್ರೂ ಉಣ್ರಿ. ನಿಮ್ಮಮ್ಮ ಇದ್ದಾಗ ಕೊಡೋಕ್ ಬಂದ್ರೆ ವಾಪಸ್ ಕಳಿಸೋಳು, ಮನೆ ಒಳಗೇ ತರಬೇಡಿ ಅನ್ನೋಳು" ಅಂದರು.

ಅಕ್ಕ ಸೀರೆ ಮಡಚುತ್ತಿದ್ದವಳು ನಿಂತಳು. "ಯಾಕೆ ವಾಪಸ್ ಕಳಿಸ್ತಿದ್ಲು?"

"ಸೊಪ್ಪು ಬಿಟ್ಟಿದ್ಲಲ್ಲಮ್ಮ."

"ಕಡಿಮೆ ಮಾಡಿದ್ಲಾ, ಬಿಟ್ಟಿದ್ಲಾ?"

ಭಾರತಮ್ಮ ನನ್ನ ಮುಖ ನೋಡಿದರು. ನಾನು ಹೇಳಿದೆ, "ಬಿಟ್ಟಿದ್ಲು. ಪೂರ್ತಿ. ನೀನು ಕಾಗದ ಕೊಟ್ಟ ವಾರದಿಂದಲೇ. ನಿನ್ನ ಹೆಸರಿನ ಕಾಗದ ಅಂದ್ರೆ ಅವಳಿಗೆ ದೇವರ ಪ್ರಸಾದ ಅಲ್ವಾ."

"ನುಗ್ಗೆ ಸೊಪ್ಪು?"

"ಇಲ್ಲ."

"ಸಾರಿಗೆ ಕೊತ್ತಂಬರಿ?"

"ಅದನ್ನೂ ನಿಲ್ಲಿಸಿದ್ಲು. ಹಸಿರಾಗಿರೋದು ಏನೂ ಇಲ್ಲ. ಮೊದಲೇ ಹೇಳ್ದೆನಲ್ಲ."

ಅಕ್ಕ ಅಡಿಗೆಮನೆಗೆ ಹೋದಳು. ಗೋಡೆಯ ಮುಂದೆ ನಿಂತಳು. ಇಣುಕಿ ನೋಡಿದರೆ ಅವಳು ತನ್ನದೇ ಕಾಗದವನ್ನು ಅಮ್ಮನ ಥರ ಬೆರಳಿಟ್ಟು ಓದುತ್ತಿದ್ದಳು, ಮೊದಲ ಸಲ ಓದುವವಳ ಹಾಗೆ. ಆಮೇಲೆ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡಳು.

ಊಟ ಮಾಡದೆ ಬಸ್ಸಿಗೆ ಹೊರಟಳು. ಸೀರೆಗಳು ಮಂಚದ ಮೇಲೆ ಹಾಗೇ ಇವೆ. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಗೆದ್ದೆ ಅನ್ನಿಸಿತು. ಏನು ಗೆದ್ದೆ ಅಂತ ಗೊತ್ತಾಗಲಿಲ್ಲ.

ಜೂನ್ ೨೬, ಗುರುವಾರ

ಮಂಡಿಯಲ್ಲಿ ಹೊಡೆದಾಟ. ಒಬ್ಬ ಲೋಡರ್ "ಏನ್ಲಾ, ಕಾಯಿ ಮೆಲ್ಲಗಿಡೋ, ನಿಮ್ಮಮ್ಮ ಹೇಳಿಕೊಟ್ಟಿಲ್ವಾ?" ಅಂದ. ಅವನಿಗೆ ಏನೂ ಗೊತ್ತಿರಲಿಲ್ಲ ಪಾಪ, ಹೊಸೂರು ಕಡೆಯವನು. ಕದಿರಪ್ಪ ಮನೆಗೆ ಕಳಿಸಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜುಲೈ ೨, ಬುಧವಾರ

ಅಕ್ಕ ಫೋನ್ ಎತ್ತುತ್ತಿರಲಿಲ್ಲ. ಕೋಲಾರಕ್ಕೇ ಹೋದೆ. ಕಾಲೇಜ್ ಗೇಟಿನಿಂದ ಹೊರಗೆ ಬಂದಳು. ಕೂದಲು ಬಾಚಿರಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಟೀ ಅಂಗಡಿಯಲ್ಲಿ ಕೂತೆವು.

"ನಿಂಗೊಂದು ಹೇಳ್ಬೇಕು ಮಣಿ. ಬಾಯಿ ಹಾಕ್ದೆ ಕೇಳು" ಅಂದಳು.

ಕೇಳಿದೆ.

"ಅಮ್ಮನಿಗೆ ಮಾತ್ರೆ ಎಷ್ಟು ಬೇಕು ಅಂತ ಡಾಕ್ಟ್ರು ಗೊತ್ತು ಮಾಡಿದ್ದು ಅವಳು ದಿನಾ ಸೊಪ್ಪು ತಿಂತಿದ್ದಾಗ. ಮಾತ್ರೆ ರಕ್ತಾನ ತೆಳು ಮಾಡೋ ಕಡೆ ಎಳೆಯುತ್ತೆ. ಸೊಪ್ಪು ಇನ್ನೊಂದು ಕಡೆ ಎಳೆಯುತ್ತೆ. ಎರಡೂ ಸಮ ನಿಂತಿತ್ತು. ಸೊಪ್ಪು ಪೂರ್ತಿ ಬಿಟ್ಟುಬಿಟ್ರೆ ಮಾತ್ರೆ ಒಂದೇ ಎಳೀತಾ ಹೋಗುತ್ತೆ."

"ಹಂಗಂದ್ರೆ?"

"ಹಂಗಂದ್ರೆ, ದಿನಾ ತಿನ್ನೋರು ದಿನಾ ಅಷ್ಟೇ ತಿನ್ಬೇಕು. ಒಂದೇ ಸಲ ಹೆಚ್ಚು ಮಾಡ್ಬಾರ್ದು, ಒಂದೇ ಸಲ ಬಿಡ್ಲೂಬಾರ್ದು. ನಾನು ಬರೆದಿದ್ದು 'ಹಸಿರು ಸೊಪ್ಪು ಹೆಚ್ಚಾಗಿ ಸೇವಿಸಬೇಡಿ' ಅಂತ. ಬರೆದು ಗೀಟು ಹಾಕ್ದೆ. ಇಂಗ್ಲಿಷ್‌ನಲ್ಲಿದ್ದ ಕಾಗದಾನ ಕನ್ನಡ ಮಾಡಿದ್ದು ಕಣೋ. ಅಲ್ಲಿನೋರಿಗೆ ಸೊಪ್ಪು ಅಂದ್ರೆ ತಟ್ಟೆ ಅಂಚಿನಲ್ಲಿ ನಾಲ್ಕು ಎಲೆ. ನಮ್ಮೂರಲ್ಲಿ ಅದೇ ಸಾರು, ಅದೇ ಊಟ. ಅಮ್ಮ ಮಾಡಿಕೊಟ್ಟ ಮಸ್ಸೊಪ್ಪು ತಿಂದುಕೊಂಡೇ ಓದಿದೋಳು ನಾನು. ಬರೆಯೋವಾಗ ನೆನಪಾಗಲಿಲ್ಲ."

ಟೀ ತಣ್ಣಗಾಯಿತು. ಅವಳು ಇನ್ನೂ ಹೇಳಿದಳು. ಆ ಕಾಗದದ ಮೇಲೇ ಅವಳ ಹತ್ತನೇ ಪೇಪರ್. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ನಾಲ್ಕೂ ತಾಲೂಕಿನಲ್ಲಿ ಇದೇ ಮಾತ್ರೆ ನುಂಗುವವರಿಗೆ ಕೊಟ್ಟು, ಒಂದು ತಿಂಗಳು ಬಿಟ್ಟು ಪ್ರಶ್ನೆ ಕೇಳಿದ್ದಾರೆ. ಮಾತ್ರೆ ತಪ್ಪಿಸುತ್ತೀರಾ? ಸೊಪ್ಪು ಕಡಿಮೆ ಮಾಡಿದ್ದೀರಾ? ಮಾಡಿದ್ದೇವೆ ಅಂದವರಿಗೆ ಮಾರ್ಕು. ಕಾಗದ ಓದಿದವರಿಗೆಲ್ಲ ಒಳ್ಳೇ ಮಾರ್ಕು ಬಂದಿತ್ತು. ಪತ್ರಿಕೆಯವರು ಅಚ್ಚು ಹಾಕುತ್ತೇವೆ ಅಂತ ಒಪ್ಪಿದ್ದಾರೆ. ಹತ್ತು ಪೇಪರ್ ಆದರೆ ಇದೇ ತಿಂಗಳು ಕಾಲೇಜಿನಲ್ಲಿ ಕಾಯಂ ಕೆಲಸದ ಇಂಟರ್‌ವ್ಯೂ.

"ಅಮ್ಮ ಅದರಲ್ಲಿ ಇದ್ಲಾ?"

"ಇಲ್ಲ. ಮನೆಯೋರನ್ನ ಸೇರಿಸೋ ಹಾಗಿಲ್ಲ. ಉಳಿದಿದ್ದ ಕಾಗದ ಅವಳಿಗೆ ಕೊಟ್ಟೆ, ಅಷ್ಟೇ. ಅವಳು ಯಾವ ಲೆಕ್ಕದಲ್ಲೂ ಇಲ್ಲ."

ಅಮ್ಮನಿಗೂ ಆ ಪ್ರಶ್ನೆ ಕೇಳಿದ್ದರೆ ನೂರಕ್ಕೆ ನೂರು ತೆಗೆದಿರೋಳು.

ಆಮೇಲೆ ನಾನು ಎದ್ದು ನಿಂತು ಅಂದೆ. ಟೀ ಅಂಗಡಿಯವರೆಲ್ಲ ತಿರುಗಿ ನೋಡುವ ಹಾಗೆ ಅಂದೆ. ಅವಳು ತಿಥಿ ದಿನ ನನಗೆ ಅಂದದ್ದನ್ನೇ ವಾಪಸ್ಸು ಅಂದೆ, ಇನ್ನೂ ಎರಡು ಸೇರಿಸಿ. ಅದನ್ನೂ ಇಲ್ಲಿ ಬರೆಯುವುದಿಲ್ಲ.

ಅವಳು ಜಗಳಕ್ಕೆ ಬರುತ್ತಾಳೆ ಅಂದುಕೊಂಡಿದ್ದೆ. ಅವಳು "ಹೂಂ" ಅಂದಳು. ಅಷ್ಟೇ. ಹೂಂ.

ಬಸ್ಸಲ್ಲಿ ಊರು ಬರುವ ತನಕ ಆ ಹೂಂ ಕಿವಿಯಲ್ಲೇ ಇತ್ತು.

ಜುಲೈ ೫, ಶನಿವಾರ

ಇವತ್ತು ತೋತಾಪುರಿ ವಿಂಗಡಿಸುತ್ತಾ ಇದ್ದಕ್ಕಿದ್ದ ಹಾಗೆ ಹೊಳೆಯಿತು. ಆ ಕಾಗದ ಇನ್ನೂ ಎಷ್ಟು ಮನೆ ಗೋಡೆ ಮೇಲಿದೆ?

ಫೋನ್ ಮಾಡಿದೆ. ಮಾತಾಡಬಾರದು ಅಂತ ಇದ್ದೆ, ಆದರೆ ಇದು ಬೇರೆ ವಿಷಯ.

"ಅದನ್ನೇ ಯೋಚನೆ ಮಾಡ್ತಿದೀನಿ ಕಣೋ" ಅಂದಳು. "ಅನಿಲ್‌ಕುಮಾರ್ ಸರ್ ಹೇಳ್ತಾರೆ ಎಲ್ಲರಿಗೂ ಫೋನ್ ಮಾಡಿಸಿ ಟೆಸ್ಟ್‌ಗೆ ಬರೋಕ್ ಹೇಳು, ಸಾಕು ಅಂತ." ಅನಿಲ್‌ಕುಮಾರ್ ಅವಳ ಗೈಡು.

"ಫೋನ್‌ನಲ್ಲಿ ಹೇಳಿದ್ರೆ ಯಾರು ಕೇಳ್ತಾರೆ? ಅಚ್ಚು ಹಾಕಿರೋದನ್ನ ಗೋಡೆಗೆ ಅಂಟಿಸಿರ್ತಾರೆ. ಫೋನ್ ದೊಡ್ಡದೋ ಅಚ್ಚು ದೊಡ್ಡದೋ?"

ಕ್ರೇಟು ಪಕ್ಕಕ್ಕಿಟ್ಟು ಮತ್ತೆ ನಾನೇ ಅಂದೆ.

"ಬೈಕ್ ತರ್ತೀನಿ. ಮನೆಮನೆಗೂ ಹೋಗಿ ಕಿತ್ತಾಕ್ಬೇಕು. ನಿನ್ನ ಮೇಲೆ ಪ್ರೀತಿ ಉಕ್ಕಿ ಬರ್ತಿಲ್ಲ, ತಿಳ್ಕೋ. ನಿಂಗೆ ದಾರಿ ಗೊತ್ತಾಗಲ್ಲ, ಅದಕ್ಕೆ."

ಜುಲೈ ೧೩, ಭಾನುವಾರ

ಮುಳಬಾಗಿಲು. ಬೆಳಿಗ್ಗೆಯಿಂದ ಸುತ್ತಿದ್ದೇವೆ. ಅಕ್ಕ ಹಿಂದೆ ಕೂತು ಬ್ಯಾಗ್ ತಬ್ಬಿಕೊಂಡಿರುತ್ತಾಳೆ. ಹಂಪ್ ಬಂದರೆ ಮಾತ್ರ ನನ್ನ ಭುಜ ಹಿಡಿಯುತ್ತಾಳೆ, ಆಮೇಲೆ ಬಿಡುತ್ತಾಳೆ.

ಕೆಲವರು ಕಾಗದ ಓದೇ ಇರಲಿಲ್ಲ. ಒಂದು ಮನೆಯಲ್ಲಿ ಅದರ ಮೇಲೆ ಹಪ್ಪಳ ಒಣಗಲು ಹಾಕಿದ್ದರು. ಅಕ್ಕನಿಗೆ ಅಷ್ಟು ಸಂತೋಷ ಆದದ್ದು ಈಚೆಗೆ ನಾನು ನೋಡಿರಲಿಲ್ಲ.

ಆಮೇಲೆ ಟೈಲರ್ ಮುಖ್ತಿಯಾರ್ ಮನೆ. ಅವರಿಗೂ ಎದೆಯಲ್ಲಿ ಕವಾಟ. ಮಿಷನ್ ಮುಂದೆ ಕೂತಿದ್ದರು. ತೋಳಿನ ಮೇಲೆಲ್ಲ ನೀಲಿ ಕಲೆ, ಯಾರೋ ಹಿಡಿದು ಹೊಡೆದ ಹಾಗೆ. ಅಕ್ಕ ಅದನ್ನು ನೋಡಿದ್ದೇ ಬಿಳುಚಿಕೊಂಡಳು.

"ಟೆಸ್ಟ್‌ಗೆ ಹೋಗಿದ್ರಾ?"

"ಅರೆ, ಹುಷಾರಾಗಿದೀನಲ್ಲ ಡಾಕ್ಟ್ರಮ್ಮ. ಯಾಕೆ ಹೋಗ್ಲಿ? ನಿಮ್ಮ ಕಾಗಜ್‌ನಲ್ಲಿ ಇರೋದೆಲ್ಲ ಮಾಡ್ತಿದೀನಿ."

ಹೆಂಡತಿ ರಹೀಮಾ ಅಂದರು, "ಸೊಪ್ಪು ಬಿಟ್ಟು ಆರು ತಿಂಗಳಾಯ್ತು ಬೇಟಿ. ಹಲ್ಲುಜ್ಜಿದ್ರೆ ರಕ್ತ ಬರುತ್ತೆ. ಅದೂ ಒಳ್ಳೇದೇ ಅಂತಾರೆ ಇವರು, ಕೆಟ್ಟ ರಕ್ತ ಹೋಗ್ತಿದೆ ಅಂತ."

"ಇವತ್ತಿಂದ ಸೊಪ್ಪು ಮತ್ತೆ ತಿನ್ಬೇಕಾಗುತ್ತೆ, ಆದ್ರೆ ಮೊದಲು ಆಸ್ಪತ್ರೆಗೆ. ಈಗಲೇ" ಅಂದಳು ಅಕ್ಕ.

ಮುಖ್ತಿಯಾರ್ ನಕ್ಕರು. "ಬಿಡು ಅಂದೋರೂ ನೀವೇ, ತಿನ್ನು ಅನ್ನೋರೂ ನೀವೇ. ನಿಮಗಿಂತ ನನ್ನ ಹೆಂಡ್ತಿ ವಾಸಿ. ಒಂದೇ ಮಾತು, ಏನ್ ಕೇಳಿದ್ರೂ ಇಲ್ಲ ಅಂತಾಳೆ."

"ಅದು ನಾನು ತಪ್ಪು ಬರೆದಿದ್ದೆ" ಅಂದಳು ಅಕ್ಕ. ಹಾಗೇ ಅಂದಳು, ಮುಖಕ್ಕೆ ಮುಖ ಕೊಟ್ಟು. ಮುಖ್ತಿಯಾರ್ ನಗು ನಿಲ್ಲಿಸಿದರು.

ಪಕ್ಕದ ಮನೆಯವರು ಕಾರು ತರಲು ಹೋದರು. ರಹೀಮಾ ಒಳಗೆ ಹೋಗಿ ಬುರ್ಖಾ ಹಾಕಿಕೊಂಡು, ಆಸ್ಪತ್ರೆಯ ಫೈಲ್ ತೊಡೆಯ ಮೇಲಿಟ್ಟುಕೊಂಡು, ಚಪ್ಪಲಿ ಮೆಟ್ಟಿ ಹೊಸಿಲ ಪಕ್ಕ ಕೂತರು. ದಾರಿ ನೋಡುತ್ತಾ ಕೂತರು. ಕಾರು ತಡ ಮಾಡಿತು. ನನಗೆ ಅದನ್ನು ನೋಡಲು ಆಗಲಿಲ್ಲ. ಬೀದಿಗೆ ಹೋಗಿ ಕಾರಿನವನ ಮೇಲೆ ಸುಮ್ಮನೆ ಕೂಗಾಡಿದೆ.

ಕೋಲಾರದಲ್ಲಿ ರಕ್ತ ನೋಡಿದ ಡಾಕ್ಟರು, ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಕಷ್ಟ ಇತ್ತು ಅಂದರು. ಮಲಗಿಸಿಕೊಂಡರು. ಇಂಜೆಕ್ಷನ್ ಕೊಟ್ಟರು. ಬದುಕುತ್ತಾರೆ.

ಅಕ್ಕ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಅತ್ತಳು. ನಾನು ಬ್ಯಾಗ್ ಹಿಡಿದುಕೊಂಡು ಸ್ವಲ್ಪ ದೂರ ನಿಂತಿದ್ದೆ. ಯಾರಾದರೂ ಬ್ಯಾಗ್ ಹಿಡಿಯಬೇಕಲ್ಲ.

ಜುಲೈ ೨೭, ಭಾನುವಾರ

ಮಾಲೂರು, ಟೇಕಲ್ ಮುಗಿಯಿತು. ಇಟ್ಟಿಗೆ ಗೂಡಿನ ಧೂಳಿಗೆ ಅಕ್ಕನಿಗೆ ಕೆಮ್ಮು. ಟೇಕಲ್ ಸ್ಟೇಷನ್ ಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚಿದೆವು. "ಸಾರು ಯಾರು ಮಾಡಿದ್ದು?" ಅಂದಳು. ನಾನೇ ಅಂದೆ. ಭಾರತಮ್ಮ ಹೇಳಿಕೊಟ್ಟದ್ದು. "ಉಪ್ಪು ಜಾಸ್ತಿ" ಅಂದಳು. ಹಾಗಾದರೆ ತಿನ್ನಬೇಡ ಅಂದೆ. ತಿಂದಳು.

ಆಗಸ್ಟ್ ೩, ಭಾನುವಾರ

ಅಕ್ಕನ ಕೆಲಸ ಹೋಯಿತು. ಹೋಗಲು ಸಿಕ್ಕಿರಲೇ ಇಲ್ಲ, ಆದರೂ ಹೋಯಿತು.

ಹತ್ತನೇ ಪೇಪರ್ ಅಚ್ಚು ಹಾಕಬೇಡಿ ಅಂತ ಪತ್ರಿಕೆಗೆ ಬರೆದಳು. ಅನಿಲ್‌ಕುಮಾರ್ ಸರ್ ಮೊದಲು ಬೇಡ ಅಂದರಂತೆ. "ಒಪ್ಪಿದ ಪೇಪರ್ ವಾಪಸ್ ತಗೊಂಡ್ರೆ ಹೆಸರಿಗೆ ಕಳಂಕ ಉಳಿಯುತ್ತಮ್ಮ. ಅಮ್ಮನ ವಿಷಯ ಬೇರೆ, ಪೇಪರ್ ಬೇರೆ. ಅವರು ನಮ್ಮ ರೋಗಿ ಅಲ್ಲ." ಅಕ್ಕ ಮುಖ್ತಿಯಾರ್ ರಿಪೋರ್ಟ್ ಮೇಜಿನ ಮೇಲಿಟ್ಟು "ಇವರು ನಮ್ಮ ರೋಗಿ" ಅಂದಳಂತೆ. ಆಮೇಲೆ ಅವರೂ ಸೈನ್ ಹಾಕಿದರಂತೆ. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರಂತೆ.

ಇಂಟರ್‌ವ್ಯೂನಲ್ಲಿ ಒಂಬತ್ತೇ ಅಂತ ಬೇರೆಯವರನ್ನು ತೆಗೆದುಕೊಂಡರು.

"ಯಾರವನು ತಗೊಳ್ದೆ ಇದ್ದೋನು? ಹೆಸರು ಹೇಳು, ಕಾಲೇಜ್‌ಗೇ ಬರ್ತೀನಿ" ಅಂದೆ.

"ಬಂದು?"

"ಬಂದು ಏನು, ಮಾತಾಡ್ತೀನಿ."

"ನೀನು ಮಾತಾಡೋದು ಅಂದ್ರೆ ನಂಗೊತ್ತು" ಅಂತ ನಕ್ಕಳು. ನಗು ಅರ್ಧಕ್ಕೆ ಬೇರೆ ಏನೋ ಆಯಿತು. ಫೋನ್ ಇಟ್ಟಳು.

ಆಗಸ್ಟ್ ೨೪, ಭಾನುವಾರ

ಮಂಡಿ ಮುಗಿಯಿತು. ಶೆಡ್ಡಿನಲ್ಲಿ ಹುಲ್ಲು, ಒಡೆದ ಕ್ರೇಟು, ನೊಣ.

ಅಕ್ಕ ಬೆಳಿಗ್ಗೆ ಬಂದಳು. ನಾನು ಬೆರಕೆ ಸೊಪ್ಪು ತಂದು ಬಿಡಿಸಿ ಮಸೆದಿಟ್ಟಿದ್ದೆ. ಉಪ್ಪು ಸರಿ ಇದೆ ಅಂದಳು. ಊಟ ಆದ ಮೇಲೆ ಬ್ಯಾಗಿನಿಂದ ಒಂದಿಷ್ಟು ಹಾಳೆ ತೆಗೆದಳು.

"ಹೊಸ ಪೇಪರ್. ಇದರಲ್ಲಿ ಒಬ್ಬರೇ ರೋಗಿ."

ಯಾರು ಅಂತ ಕೇಳಬೇಕಾಗಿರಲಿಲ್ಲ.

"ಒಬ್ಬರ ಮೇಲೂ ಬರೀಬಹುದು ಕಣೋ, ಹಿಂಗಾಯ್ತು, ಬೇರೆಯೋರು ಹುಷಾರಾಗಿರಿ ಅಂತ. ಆದ್ರೆ ಮನೆಯೋರು ಒಪ್ಪಿ ಸೈನ್ ಹಾಕ್ಬೇಕು. ನಾನೇ ಬರೆದು ನಾನೇ ಹಾಕೋ ಹಾಗಿಲ್ಲ. ನೀನು ಹಾಕ್ಬೇಕು."

"ಓದು. ಕನ್ನಡದಲ್ಲಿ."

ಅವಳು ಒಂದೊಂದೇ ಸಾಲನ್ನು ಕನ್ನಡ ಮಾಡಿ ಓದಿದಳು. ನಲವತ್ತೆಂಟು ವರ್ಷದ ಮಹಿಳೆ.

"ಹೆಸರಿಲ್ವಾ?"

"ಹಾಕೋ ಹಾಗಿಲ್ಲ."

"ಆಂಜಿನಮ್ಮ ಅಂತ ಹಾಕಿದ್ರೆ ಯಾರಪ್ಪನ ಗಂಟು ಹೋಗುತ್ತೆ?"

"ಹಾಕೋ ಹಾಗಿಲ್ಲ ಮಣಿ. ಕೇಳು." ದಿನವೂ ಸ್ಥಳೀಯ ಸೊಪ್ಪು ತಿನ್ನುವ ರೂಢಿ ಇತ್ತು. ತಿಳುವಳಿಕೆ ಕಾಗದ ಓದಿ ಸೊಪ್ಪು ಪೂರ್ತಿ ನಿಲ್ಲಿಸಿದರು. ಆ ಕಾಗದವನ್ನು ಸಿದ್ಧಪಡಿಸಿದವಳು ಈ ಲೇಖನದ ಲೇಖಕಿ, ರೋಗಿಯ ಮಗಳು. ಅಲ್ಲಿ ಅವಳ ದನಿ ಒಡೆಯಿತು, ಆದರೆ ಸಾಲು ಬಿಡಲಿಲ್ಲ, ಓದಿದಳು. ನಾನು ಸೂರು ನೋಡುತ್ತಾ ಕೂತಿದ್ದೆ.

ಆಮೇಲೆ ಓದಿದಳು, "ಮೇ ತಿಂಗಳ ಪರೀಕ್ಷೆಗೆ ರೋಗಿ ಹಾಜರಾಗಲಿಲ್ಲ."

"ಯಾರು?"

"ರೋಗಿ."

"ಇನ್ನೊಂದ್ಸಲ ಓದು."

ಓದಿದಳು. ಮೈ ಉರಿದುಹೋಯಿತು.

"ಅವಳು ಹಾಜರಾಗಿದ್ಲು."

"ಏನೋ?"

"ಹಾಜರಾಗಿದ್ಲು ಅಂದೆ. ಬೆಳಿಗ್ಗೆನೇ ತಲೆ ಬಾಚಿ, ನೀನು ಕೊಡಿಸಿದ ನೀಲಿ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ, ಫೈಲ್ ತೊಡೆ ಮೇಲಿಟ್ಟುಕೊಂಡು ಇದೇ ಹೊಸಿಲ ಮೇಲೆ ಕೂತಿದ್ಲು. ನಾನು ಟವೆಲ್ ಹೆಗಲಿಗೆ ಹಾಕ್ಕೊಂಡು ಬಂದು, ನಾಳೆ ಅಂದೆ. ಮಾರನೇ ದಿನಾನೂ ಕೂತಿದ್ಲು. ಅವತ್ತೂ ನಾಳೆ ಅಂದೆ. ಆಮೇಲೆ ಕೂರಲಿಲ್ಲ."

"ಅವಳೇ ಬೇಡ ಅಂದ್ಲು ಅಂತ ನೀನೇ ಆಸ್ಪತ್ರೆಯಲ್ಲಿ..."

"ಬೇಡ ಅನ್ನಲಿಲ್ಲ. ಏನೂ ಅನ್ನಲಿಲ್ಲ. ತಿನ್ನಾವಾ, ತಿಂದ್ಯಾ ಅಂತ ಕೇಳಿದ್ಲು. ತಿಂದು ಹೋಗು ಅಂದ್ಲು. ಒಳಗೆ ಹೋಗಿ ಸೀರೆ ಬಿಚ್ಚಿ ಮಡಚಿಟ್ಲು."

ಅಕ್ಕ ಹಾಳೆಗಳನ್ನು ಮಡಿಲಲ್ಲಿ ಹಿಡಿದುಕೊಂಡು ಕೂತಿದ್ದಳು. ಅವಳಿಗೆ ಮೊದಲೇ ಗೊತ್ತಿತ್ತಾ, ಈಗ ಗೊತ್ತಾಯಿತಾ, ನನಗೆ ತಿಳಿಯಲಿಲ್ಲ.

"ಹಂಗೇ ಬರಿ" ಅಂದೆ. "ಮಗ ಕರ್ಕೊಂಡು ಹೋಗಲಿಲ್ಲ ಅಂತ ಬರಿ. ಮಗ ಅನ್ನೋದಕ್ಕೆ ಇಂಗ್ಲಿಷ್‌ನಲ್ಲಿ ಪದ ಇದೆಯಲ್ಲ."

"ಬೇಡ ಮಣಿ. ಅಚ್ಚಾದ್ಮೇಲೆ ಅಳಿಸೋಕಾಗಲ್ಲ. ಲೇಖಕಿಯ ತಮ್ಮ ಅಂತ ಎಲ್ಲರಿಗೂ ಗೊತ್ತಾಗುತ್ತೆ. ನಾಳೆ ನಿಂಗೆ ಮದುವೆ, ಮನೆ ಅಂತ..."

"ನಿನ್ನದು ಹಾಕ್ಕೊಂಡಿದೀಯ?"

"ನಾನು ದೊಡ್ಡೋಳು ಕಣೋ."

"ದೊಡ್ಡೋಳಾದ್ರೆ? ನಿನ್ನ ಪಾಲಿಂದು ಬರೆದ್ಕೊಂಡೆ, ನನ್ನ ಪಾಲಿಂದು ತಗೊಂಡು ಅವಳ ತಲೆ ಮೇಲೆ ಹಾಕ್ತೀಯಾ? ಸತ್ತೋಳ ಮೇಲೆ? ಕಾಗದ ಓದಿದ್ದೂ ಅವಳು, ಸೊಪ್ಪು ಬಿಟ್ಟಿದ್ದೂ ಅವಳು, ಚಪ್ಪಲಿ ಹಾಕ್ಕೊಂಡು ಕೂತಿದ್ದೂ ಅವಳು. ಹೇಳಿದ್ದೆಲ್ಲ ಮಾಡಿದ್ಲು. ಅವಳೇ ಬರಲಿಲ್ಲ ಅಂತ ಬರೀತೀಯಾ?"

"ಬರೆಯೋ ರೀತಿ ಹಂಗೇ ಇರುತ್ತೆ..."

"ಹಂಗಿದ್ರೆ ಆ ರೀತೀನ ಒಲೆಗೆ ಹಾಕು."

ಅವಳು ಪೆನ್ನು ಚಾಚಿದಳು. "ಇದೊಂದು ಸಲ ನನ್ನ ಮಾತು ಕೇಳೋ. ನಿನ್ನನ್ನಾದ್ರೂ ಉಳಿಸ್ಕೋತೀನಿ."

ಪೆನ್ನು ಕಿತ್ತು ಗೋಡೆಗೆ ಎಸೆದೆ. ಕಾಗದ ಅಂಟಿಸಿದ್ದ ಜಾಗದಲ್ಲಿ ಇನ್ನೂ ಅನ್ನದ ಕಲೆ ಇದೆ, ಅಲ್ಲಿಗೆ ಹೋಗಿ ಬಿತ್ತು.

"ಆ ಸಾಲು ತಿದ್ದು. ತಿದ್ದಿದ ದಿನ ಕರಿ. ಎಲ್ಲಿ ಹೇಳ್ತೀಯೋ ಅಲ್ಲಿ ಸೈನ್ ಹಾಕ್ತೀನಿ, ಹೆಬ್ಬೆಟ್ಟೂ ಒತ್ತುತೀನಿ. ಅಲ್ಲೀ ತನಕ ಕರೀಬೇಡ."

ಈ ಡೈರಿ ಕಿಸೆಗೆ ತುರುಕಿಕೊಂಡು ಎದ್ದೆ. ಹೊಸಿಲು ದಾಟಿ, ಮನೆಯೆಲ್ಲ ಅದುರುವ ಹಾಗೆ ಬಾಗಿಲು ಬಡಿದೆ. ಹೊರಗೆ ಸ್ವಲ್ಪ ಹೊತ್ತು ನಿಂತೆ. ಒಳಗಿಂದ ಯಾರೂ ಏನೂ ಕೇಳಲಿಲ್ಲ.

ತೆಗೆದು ಇನ್ನೊಂದು ಸಲ ಬಡಿದೆ.